ಸಹಾಯ ಬೇಕು: ಬೋಯರ್ ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಜನ ಏನು ಯೋಚಿಸುತ್ತಿದ್ದರು?

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಓದುಗರ ಬಳಗದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದ (1899–1902) ಬಗ್ಗೆ ಮಾತಾಡಬೇಕಿದೆ. ಯುದ್ಧದ ವಿವರ ಸಿಕ್ಕಿದೆ. ಆಗಿನ ಇಂಗ್ಲೆಂಡಿನ ಸಾಮಾನ್ಯ ಜನ ತಮ್ಮ ಸಾಮ್ರಾಜ್ಯವನ್ನು ಹೇಗೆ ಕಂಡರು ಅನ್ನೋದು ನನಗೆ ಬೇಕು.

1900ರ ಮೇ ತಿಂಗಳಲ್ಲಿ ಮಾಫೆಕಿಂಗ್ ಊರಿನ ಬ್ರಿಟಿಷ್ ಪಡೆಗೆ ಬೋಯರರು ಹಾಕಿದ್ದ ಮುತ್ತಿಗೆ ತೆರವಾದ ಸುದ್ದಿಗೆ ಲಂಡನ್ ಬೀದಿಗಳಲ್ಲಿ ಜನ ಕುಣಿದರು. ಅದೇ ವರ್ಷದ ಚುನಾವಣೆಯಲ್ಲಿ ಯುದ್ಧ ನಡೆಸುತ್ತಿದ್ದ ಸರ್ಕಾರವೇ ಗೆದ್ದಿತು. ಮರುವರ್ಷ ಇಂಗ್ಲೆಂಡಿನ ಸಮಾಜಸೇವಕಿ ಎಮಿಲಿ ಹಾಬ್‌ಹೌಸ್ ದಕ್ಷಿಣ ಆಫ್ರಿಕಾದ ಶಿಬಿರಗಳನ್ನು ಕಣ್ಣಾರೆ ಕಂಡು ಬಂದು ವರದಿ ಬರೆದರು. ಬ್ರಿಟಿಷ್ ಸೈನ್ಯ ಬೋಯರರ ಹೊಲಮನೆ ಸುಟ್ಟು, ಹೆಂಗಸರು ಮಕ್ಕಳನ್ನು ಕೂಡಿಹಾಕಿದ್ದ ಆ ಶಿಬಿರಗಳಲ್ಲಿ ಸುಮಾರು 28,000 ಬೋಯರರು ಸತ್ತರು. ಹೆಚ್ಚಿನವರು ಮಕ್ಕಳು. ಕಪ್ಪು ಜನರ ಬೇರೆ ಶಿಬಿರಗಳಲ್ಲೂ ಸಾವಿರಾರು ಜನ ಸತ್ತರು; ಅವರ ಪರವಾಗಿ ದನಿ ಎತ್ತಿದವರು ತೀರಾ ಕಡಿಮೆ, ಇದು ನನ್ನನ್ನು ತುಂಬಾ ಕಾಡುತ್ತಿದೆ. ಆಗ ವಿರೋಧ ಪಕ್ಷವಾಗಿದ್ದ ಲಿಬರಲ್ ಪಕ್ಷದ ನಾಯಕ ಕ್ಯಾಂಪ್‌ಬೆಲ್-ಬ್ಯಾನರ್‌ಮನ್ ಈ ಯುದ್ಧರೀತಿಯನ್ನು ಬರ್ಬರತೆ ಎಂದು ಬಹಿರಂಗವಾಗಿ ಖಂಡಿಸಿದರು. 1906ರಲ್ಲಿ ಅವರ ಪಕ್ಷ ಭಾರೀ ಬಹುಮತ ಪಡೆಯಿತು.

ಆದರೆ ಆ ಗೆಲುವಿಗೆ ಆಮದು ಸುಂಕದ ಜಗಳ, ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಗಣಿಗಳಿಗೆ ಚೀನೀ ಕೂಲಿಗಳನ್ನು ತಂದು ದುಡಿಸಿದ ವಿಷಯ ಕೂಡ ಕಾರಣ. ಹಾಗಿದ್ದರೆ ಜನರ ಮನಸ್ಸು ನಿಜಕ್ಕೂ ಬದಲಾಯಿತೇ? ನನಗನಿಸುವಂತೆ ಅಬ್ಬರ ಇಳಿಯಿತು, ಅಷ್ಟೇ. ಸಾಮ್ರಾಜ್ಯವೇ ತಪ್ಪು ಅನ್ನುವ ಮಟ್ಟಕ್ಕೆ ಹೆಚ್ಚಿನವರು ಹೋಗಲಿಲ್ಲ.

ಆ ಕಾಲದ ಕಾರ್ಮಿಕರ ಪತ್ರ, ದಿನಚರಿ, ಸಣ್ಣ ಊರುಗಳ ಪತ್ರಿಕೆ ಉಚಿತವಾಗಿ ಎಲ್ಲಿ ಓದಲು ಸಿಗುತ್ತವೆ? ನಮ್ಮ ಬಳ್ಳಾರಿಯಲ್ಲೂ ಬೋಯರ್ ಸೆರೆಯಾಳುಗಳನ್ನು ಇಟ್ಟಿದ್ದರು. ಅದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದಿದ್ದರೆ ದಯವಿಟ್ಟು ತಿಳಿಸಿ.