ಮಲಗುವ ಮುನ್ನ ಬರೆಯಬೇಕಾದದ್ದು ಮುಗಿದ ಕೆಲಸವೋ, ಬಾಕಿ ಕೆಲಸವೋ?

ಪ್ರಶ್ನೆ: ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಆಫೀಸಿನ ಕೆಲಸ ತಲೆಯಲ್ಲಿ ಸುತ್ತುತ್ತಿದ್ದರೆ, ಬರೆದಿಟ್ಟು ಮಲಗಿ ಅಂತಾರೆ. ಏನನ್ನು ಬರೆಯಬೇಕು?

ಉತ್ತರ 1: ಬಾಕಿ ಇರುವುದನ್ನು. ಅಮೆರಿಕದ ಬೇಯ್ಲರ್ ವಿಶ್ವವಿದ್ಯಾಲಯದ ಮೈಕಲ್ ಸ್ಕಲಿನ್ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 57 ಯುವಜನರು ಮಲಗುವ ಮುನ್ನ 5 ನಿಮಿಷ ಬರೆದರು. ಮುಗಿಸಿದ್ದನ್ನು ಬರೆದವರಿಗಿಂತ ಮುಂದಿನ ಕೆಲಸ ಬರೆದವರಿಗೆ ಸರಾಸರಿ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ಪಟ್ಟಿ ವಿವರವಾಗಿದ್ದಷ್ಟೂ ಬೇಗ. ಇಲ್ಲೇ ಹೆಚ್ಚಿನವರು ಎಡವುವುದು: 'ರಿಪೋರ್ಟ್' ಎಂದಷ್ಟೇ ಗೀಚಿದರೆ ಸಾಲದು, 'ಬೆಳಿಗ್ಗೆ 10ಕ್ಕೆ 3ನೇ ಕೋಷ್ಟಕ ತಿದ್ದುವುದು' ಎಂದಿರಲಿ. ಫೋನಿನಲ್ಲಿ ಬೇಡ, ಕಾಗದದಲ್ಲಿ ಬರೆಯಿರಿ. ಫೋನ್ ಹಿಡಿದರೆ ಮೇಲ್ ತೆರೆಯದೆ ಇರುವುದು ಕಷ್ಟ.

ಉತ್ತರ 2: ಹಗಲಿಗೂ ಇದೇ ಮಾತು. ಅರ್ಧ ಬಿಟ್ಟ ಕೆಲಸ ಮುಂದಿನ ಕೆಲಸದ ಗಮನವನ್ನೂ ಕಿತ್ತುಕೊಳ್ಳುತ್ತದೆ ಎಂದು ಸಂಶೋಧಕಿ ಸೋಫೀ ಲೆರಾಯ್ 2009ರಲ್ಲೇ ತೋರಿಸಿದ್ದರು. ಮೀಟಿಂಗಿಗೆ ಏಳುವ ಮೊದಲು ಎಲ್ಲಿ ನಿಲ್ಲಿಸಿದೆ, ವಾಪಸ್ ಬಂದಾಗ ಮೊದಲ ಹೆಜ್ಜೆ ಯಾವುದು, ಈ ಎರಡು ಸಾಲು ಸಾಕು.

ಉತ್ತರ 3: ಒಂದು ಎಚ್ಚರಿಕೆ. ಸ್ಕಲಿನ್ ಪ್ರಯೋಗ ಪ್ರಯೋಗಾಲಯದಲ್ಲಿ ಆರೋಗ್ಯವಂತ ಯುವಜನರ ಮೇಲೆ ನಡೆದದ್ದು. ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟಿದ್ದರೆ ಪಟ್ಟಿ ನಂಬಿ ಕೂರಬೇಡಿ, ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.