ಮಗನಿಗೆ ಎಡಿಎಚ್‌ಡಿ ಇರಬಹುದು ಅಂತ ಟೀಚರ್ ಹೇಳಿದ್ದಾರೆ, ಪರೀಕ್ಷೆ ಮಾಡಿಸಿದವರು ಸ್ವಲ್ಪ ಹೇಳಿ

ಕೇಳಿದವರು (ಸುರತ್ಕಲ್): ಮಗ ಮೂರನೇ ಕ್ಲಾಸು. ಬುದ್ಧಿಗೆ ಏನೂ ಕಡಿಮೆ ಇಲ್ಲ. ಆದರೆ ನೋಟ್ಸ್ ಅರ್ಧಕ್ಕೇ ನಿಲ್ಲುತ್ತದೆ, ಕೊಡೆ, ಟಿಫಿನ್ ಬಾಕ್ಸ್ ಎಲ್ಲ ಕಳೆದುಕೊಂಡು ಬರುತ್ತಾನೆ, ಕ್ಲಾಸಲ್ಲಿ ಪಕ್ಕದವನನ್ನು ಮಾತಾಡಿಸುತ್ತಲೇ ಇರುತ್ತಾನಂತೆ. ಈ ಸಲ ಮೀಟಿಂಗಲ್ಲಿ ಟೀಚರ್ "ಒಮ್ಮೆ ಎಡಿಎಚ್‌ಡಿಗೆ ತೋರಿಸಿ" ಅಂದರು. ಗಮನ ನಿಲ್ಲದ, ಚಡಪಡಿಕೆ, ದುಡುಕು ಜಾಸ್ತಿ ಇರುವ ತೊಂದರೆಯಂತೆ ಅದು. ಅತ್ತೆ ಹೇಳುವುದು, ಇವನ ಅಪ್ಪನೂ ಹೀಗೇ ಇದ್ದ, ಈಗ ಇಂಜಿನಿಯರ್ ಆಗಲಿಲ್ವಾ ಅಂತ. ಇನ್ನೊಂದು, ಇದೇ ಹುಡುಗ ಯಕ್ಷಗಾನ ಅಂದರೆ ಮಧ್ಯರಾತ್ರಿವರೆಗೂ ಕೂತಲ್ಲಿಂದ ಏಳುವುದಿಲ್ಲ. ಹಾಗಾದರೆ ಗಮನದ ತೊಂದರೆ ಹೇಗಾಗುತ್ತದೆ? ಯಾರ ಹತ್ತಿರ ಹೋಗಬೇಕು? ಸ್ಕ್ಯಾನ್ ಎಲ್ಲ ಉಂಟಾ?

ಬಿಜೈಯ ಒಬ್ಬ ಅಮ್ಮ: ಸ್ಕ್ಯಾನ್ ಇಲ್ಲ. ಎಡಿಎಚ್‌ಡಿ ಉಂಟೋ ಇಲ್ಲವೋ ಅಂತ ತೋರಿಸುವ ರಕ್ತಪರೀಕ್ಷೆಯೂ ಇಲ್ಲ. ಯಾರಾದರೂ ತಲೆಗೆ ವಯರ್ ಹಚ್ಚಿ ಅರ್ಧ ಗಂಟೆಯಲ್ಲಿ ಹೇಳಿಬಿಡುತ್ತೇವೆ ಅಂದರೆ ಸುಮ್ನೆ ಎದ್ದು ಬನ್ನಿ. ನಮಗೆ ಆದದ್ದು ಪೂರ್ತಿ ಮಾತುಕತೆಯಲ್ಲೇ. ಮಗು ಯಾವಾಗ ನಡೆಯಿತು, ಯಾವಾಗ ಮಾತು ಬಂತು, ರಾತ್ರಿ ಗೊರಕೆ ಹೊಡೆಯುತ್ತಾನಾ, ಮನೆಯಲ್ಲಿ ಜಗಳ ಉಂಟಾ, ಕುಟುಂಬದಲ್ಲಿ ಬೇರೆ ಯಾರು ಹೀಗೆ, ಎಲ್ಲ ಕೇಳಿದರು. ಹಳೇ ನೋಟ್‌ಪುಸ್ತಕ, ಒಂದನೇ ಕ್ಲಾಸಿನಿಂದ ಇರುವ ಪ್ರೋಗ್ರೆಸ್ ಕಾರ್ಡ್ ತಗೊಂಡು ಹೋಗಿ. ರದ್ದಿಗೆ ಹಾಕಬೇಡಿ ಮಾರಾಯ್ರೆ, ಟೀಚರುಗಳು ಕೆಂಪು ಶಾಯಿಯಲ್ಲಿ ಬರೆದ "ಅಪೂರ್ಣ" ಅನ್ನುವುದೇ ಅಲ್ಲಿ ಸಾಕ್ಷಿ.

ಡಾಕ್ಟರುಗಳು ನೋಡುವ ಲೆಕ್ಕ ಹೀಗೆ. ಗಮನದ ಬಗ್ಗೆ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿನ ಬಗ್ಗೆ 9 ಲಕ್ಷಣ. ಒಂದು ಗುಂಪಿನಲ್ಲಾದರೂ 6 ಇರಬೇಕು, ಕಡಿಮೆ ಅಂದರೂ 6 ತಿಂಗಳಿಂದ ಇರಬೇಕು, 12 ವರ್ಷದೊಳಗೆ ಶುರುವಾಗಿರಬೇಕು. ಎಲ್ಲಕ್ಕಿಂತ ಮುಖ್ಯ, ಎರಡು ಕಡೆಯಾದರೂ ಕಾಣಬೇಕು. ಶಾಲೆಯಲ್ಲಿ ಮಾತ್ರ ತೊಂದರೆ, ಮನೆಯಲ್ಲಿ, ಟ್ಯೂಷನ್ನಿನಲ್ಲಿ, ಅಜ್ಜಿಮನೆಯಲ್ಲಿ ಏನೂ ಇಲ್ಲ ಅಂದರೆ ಮೊದಲು ಶಾಲೆಯ ಕಡೆ ನೋಡಬೇಕು, ಅಲ್ವಾ? ಮತ್ತೆ ಡಾಕ್ಟರ ರೂಮಲ್ಲಿ ಮಗ ಕೈಕಟ್ಟಿ ಕೂತರೆ "ಇವತ್ತೇ ಇವನಿಗೆ ಮರ್ಯಾದೆ ಬಂತು" ಅಂತ ತಲೆ ಬಿಸಿ ಮಾಡಬೇಡಿ. ಹೊಸ ಜಾಗದಲ್ಲಿ ತುಂಬ ಮಕ್ಕಳು ಹಾಗೆಯೇ, ಅವರಿಗೆ ಅದು ಗೊತ್ತಿರುತ್ತದೆ.

ಯಕ್ಷಗಾನದ ಬಗ್ಗೆ ನಾನೂ ಕೇಳಿದ್ದೆ, ನನ್ನವನಿಗೆ ಲೆಗೋ. ಗಮನವೇ ಇಲ್ಲ ಅಂತಲ್ಲ, ಬೇಕಾದ ಕಡೆಗೆ ಅದನ್ನು ತಿರುಗಿಸಿ ಅಲ್ಲೇ ನಿಲ್ಲಿಸಲು ಆಗುವುದಿಲ್ಲ. ಚೆಂಡೆ, ವೇಷ, ಕುಣಿತ ಅಂದರೆ ಕ್ಷಣಕ್ಕೊಂದು ಹೊಸದು. ಮಗ್ಗಿ ಬರೆಯುವಾಗ ಅದೆಲ್ಲಿಂದ ಬರಬೇಕು? ಅತ್ತೆಯವರ ಮಾತನ್ನೂ ಡಾಕ್ಟರಿಗೆ ಹೇಳಿ. ಇದು ಕುಟುಂಬದಲ್ಲಿ ಹರಿದು ಬರುವುದು ಜಾಸ್ತಿ.

ಕುಂದಾಪುರ ಕಡೆಯ ಟೀಚರ್: ಶಾಲೆಯ ಕಡೆಯಿಂದ ಹೇಳುತ್ತೇನೆ. ಆಸ್ಪತ್ರೆಯವರು ವ್ಯಾಂಡರ್‌ಬಿಲ್ಟ್ ಅಂತ ಒಂದು ಫಾರ್ಮ್ ಕೊಡುತ್ತಾರೆ, ಕೆಲವರು ಕಾನರ್ಸ್ ಅಂತ ಬೇರೆ ಕೊಡುತ್ತಾರೆ. ವ್ಯಾಂಡರ್‌ಬಿಲ್ಟ್‌ನಲ್ಲಿ ಪೋಷಕರಿಗೆ 55 ಪ್ರಶ್ನೆ, ಟೀಚರಿಗೆ 43. ಮೊದಲ 18 ಮೇಲೆ ಹೇಳಿದ ಲಕ್ಷಣಗಳೇ. "ಆಗಾಗ" ಅಥವಾ "ತುಂಬ ಸಲ" ಅಂತ ಗುರುತು ಹಾಕಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ದಯವಿಟ್ಟು ಈ ಫಾರ್ಮನ್ನು ಮಗುವಿನ ಬ್ಯಾಗಲ್ಲಿ ಕಳಿಸಿ ನಾಳೆಯೇ ಕೊಡಿ ಅನ್ನಬೇಡಿ. ತುಂಬಿದ ಕ್ಲಾಸಲ್ಲಿ ಒಬ್ಬನನ್ನು ಗಮನಿಸಲು ಸ್ವಲ್ಪ ದಿನ ಬೇಕು. ಗಣಿತದ ಟೀಚರಿಗೊಂದು, ಭಾಷೆಯವರಿಗೊಂದು ಕೊಟ್ಟರೆ ಒಳ್ಳೆಯದು, ಎರಡೂ ಒಂದೇ ತರ ಇರುವುದಿಲ್ಲ. ನೀವು ಫಾರ್ಮ್ ತುಂಬುವಾಗ ಬೈಗುಳ ಬರೆಯಬೇಡಿ. "ಪೋಕ್ರಿ", "ಸೋಮಾರಿ" ಅಂದರೆ ಡಾಕ್ಟರಿಗೆ ಏನೂ ಸಿಗುವುದಿಲ್ಲ. "ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದು ಮರೆಯುತ್ತಾನೆ, ಸ್ನಾನಕ್ಕೆ ಕಳಿಸಿದರೆ ದಾರಿಯಲ್ಲೇ ಬೇರೆಯದ್ದಕ್ಕೆ ಕೂರುತ್ತಾನೆ" ಅಂತ ಬರೆಯಿರಿ.

ಮಗನ ಹುಟ್ಟಿದ ತಿಂಗಳೂ ನೋಡಿಕೊಳ್ಳಿ. ಕ್ಲಾಸಲ್ಲೇ ಎಲ್ಲರಿಗಿಂತ ಚಿಕ್ಕವನಾದರೆ, ವಯಸ್ಸಿಗೆ ಸರಿಯಾದ ಚೇಷ್ಟೆಯೇ ನಮಗೆ ಜಾಸ್ತಿಯಾಗಿ ಕಾಣುವುದುಂಟು. ಇನ್ನು ಕಿಟಕಿ ನೋಡುತ್ತ ಕೂರುವ ಹುಡುಗಿಯರನ್ನು ಯಾರೂ ಎಡಿಎಚ್‌ಡಿಗೆ ಕಳಿಸುವುದಿಲ್ಲ. ಗಲಾಟೆ ಇಲ್ಲ ನೋಡಿ, ನಮಗೂ ತೊಂದರೆ ಇಲ್ಲ. ಇದು ಬೇರೆಯೇ ಚರ್ಚೆ.

ಬ್ರಹ್ಮಾವರದ ಒಬ್ಬರು: ಆ ಕಿಟಕಿ ನೋಡುವ ಹುಡುಗಿ ನನ್ನ ತಂಗಿಯ ಮಗಳು. ಆದರೆ ಅವಳದ್ದು ಎಡಿಎಚ್‌ಡಿ ಆಗಿರಲಿಲ್ಲ. ಮಾತಾಡುತ್ತಿದ್ದವಳು ಕೆಲವು ಸೆಕೆಂಡ್ ಹಾಗೇ ನಿಂತುಬಿಡುತ್ತಿದ್ದಳು, ಕಣ್ಣು ಮುಚ್ಚಿ ತೆರೆಯುತ್ತಿದ್ದವು, ಆಮೇಲೆ ಏನೂ ಆಗದವರ ಹಾಗೆ ಮುಂದುವರಿಸುತ್ತಿದ್ದಳು. ಡಾಕ್ಟರ್ ಒಂದು ಕಾಗದ ಹಿಡಿದು ಸುಮಾರು ಹೊತ್ತು ಜೋರಾಗಿ ಊದು ಅಂದರು, ಊದುತ್ತ ಊದುತ್ತ ಅಲ್ಲೇ ಬಂತು. ಅದು ಒಂದು ಜಾತಿಯ ಫಿಟ್ಸ್. ಅದನ್ನು ಇಇಜಿಯಲ್ಲಿ (ತಲೆಗೆ ವಯರ್ ಹಚ್ಚಿ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಖಚಿತ ಮಾಡುತ್ತಾರೆ, ಮದ್ದೂ ಬೇರೆ. ಹಾಗಾಗಿ ಕಿವಿ, ಕಣ್ಣು, ನಿದ್ದೆ, ರಕ್ತಹೀನತೆ, ಥೈರಾಯ್ಡ್ ಎಲ್ಲ ಮೊದಲು ಮಕ್ಕಳ ಡಾಕ್ಟರ ಹತ್ತಿರ ನೋಡಿಸಿ. ಕಿವಿಯೊಳಗೆ ನೀರು ತುಂಬಿ ಅರ್ಧ ಮಾತು ಕೇಳದ ಮಕ್ಕಳಿಗೂ "ಗಮನ ಇಲ್ಲ" ಅನ್ನುತ್ತಾರೆ.

ಅನಾಮಧೇಯ: ಮೊಬೈಲ್ ಕಿತ್ತುಕೊಳ್ಳಿ, ಎಲ್ಲ ಸರಿ ಆಗುತ್ತದೆ.

ಬಿಜೈಯ ಅಮ್ಮ: ಲಂಡನ್ನಿನ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಆಗ ಯಾರ ಮೊಬೈಲ್ ಕಿತ್ತುಕೊಳ್ಳುತ್ತಿದ್ದಿರಿ? ಕಡಿಮೆ ಮಾಡಿದರೆ ನಿದ್ದೆಗೆ ಒಳ್ಳೆಯದು, ಅಷ್ಟೇ.

ಮಣಿಪಾಲದ ಒಬ್ಬ ಅಪ್ಪ: ಯಾರ ಹತ್ತಿರ ಅಂತ ಕೇಳಿದಿರಲ್ಲ. ಮಕ್ಕಳ ಡಾಕ್ಟರ್ ಆದ ಮೇಲೆ ಸೈಕಿಯಾಟ್ರಿಸ್ಟ್, ಅವರ ಜೊತೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್. ಮಣಿಪಾಲ ಕೆಎಂಸಿ ಆಸ್ಪತ್ರೆಯಲ್ಲಿ ಎರಡೂ ವಿಭಾಗ ಉಂಟು. ನಿಮಗೆ ಮಂಗಳೂರೇ ಹತ್ತಿರ, ಸರ್ಕಾರಿ ಅಂದರೆ ವೆನ್‌ಲಾಕ್. ಮೊದಲು ಸುಮ್ನೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಒಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ಎಡಿಎಚ್‌ಡಿ ಜೊತೆಗೆ ಓದು, ಬರಹ, ಲೆಕ್ಕದ ಕಲಿಕಾ ತೊಂದರೆ ಇರುವುದು ಸಾಮಾನ್ಯ. ನೋಟ್ಸ್ ಅರ್ಧಕ್ಕೆ ನಿಲ್ಲುವುದು ಗಮನ ಹಾರಿಹೋಗಿಯಾ, ಬರೆಯುವುದೇ ಕಷ್ಟವಾಗಿಯಾ, ಎರಡನ್ನೂ ಬಿಡಿಸಿ ನೋಡಲು ಕೇಳಿ. ನಮ್ಮವಳಿಗೆ ಎರಡೂ ಇತ್ತು. ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವಾಗ ಇದು ಬೇಕಾಗುತ್ತದೆ, ಯಾಕೆಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ತೊಂದರೆ ಉಂಟು, ಎಡಿಎಚ್‌ಡಿ ಇಲ್ಲ. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ.

ಕೇಳಿದವರು: ತುಂಬ ಥ್ಯಾಂಕ್ಸ್. ಹೌದು ಅಂತ ಬಂದರೆ ಕೂಡಲೇ ಮಾತ್ರೆ ಕೊಡುತ್ತಾರಾ? ಮನೆಯವರಿಗೆ ಅದೇ ಹೆದರಿಕೆ.

ಬಿಜೈಯ ಅಮ್ಮ: ಕೊಡಲೇಬೇಕು ಅಂತ ಇಲ್ಲ. 6 ವರ್ಷದೊಳಗಿನವರಿಗೆ ಪೋಷಕರ ತರಬೇತಿಯೇ ಮೊದಲು. ನಿಮ್ಮ ಮಗನ ವಯಸ್ಸಿಗೆ ತರಬೇತಿ, ಮಾತ್ರೆ ಎರಡೂ ಉಂಟು, ಕೂತು ಮಾತಾಡಿ ತೀರ್ಮಾನ ಮಾಡುತ್ತಾರೆ. ಜಾಸ್ತಿ ಬರೆಯುವುದು ಮಿಥೈಲ್‌ಫೆನಿಡೇಟ್. ಹಸಿವು ಕಡಿಮೆ ಆಗುತ್ತದೆ, ಹಾಗಾಗಿ ನಾವು ಬೆಳಿಗ್ಗೆ ದೋಸೆ ತಿನ್ನಿಸಿಯೇ ಮಾತ್ರೆ ಕೊಡುವುದು. ತೂಕ, ಎತ್ತರ, ಬಿಪಿ ಆಗಾಗ ನೋಡುತ್ತಾರೆ. ಅದು ಶೆಡ್ಯೂಲ್ ಎಕ್ಸ್, ಅಂದರೆ ಬಿಗಿ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಮೆಡಿಕಲಿನವರು ಇಟ್ಟುಕೊಳ್ಳುತ್ತಾರೆ, ಎಲ್ಲ ಮೆಡಿಕಲಲ್ಲೂ ಸಿಗುವುದಿಲ್ಲ. ಮುಗಿಯುವ ಒಂದು ವಾರ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.