ಗೇರ್ ನಾಬ್‌ನ ಚರ್ಮ ಕಿತ್ತು ಬರುತ್ತಿದೆ, ನಾನೇ ಹೊಸದು ಹೊದಿಸಬಹುದಾ?

ಪ್ರಶ್ನೆ: ಸೀಟು, ಸ್ಟೀರಿಂಗ್ ಹೊದಿಕೆ ಕೆಲಸ ಮಾಡುವವರು ಈ ಗುಂಪಿನಲ್ಲಿದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ನನ್ನದು ಎಂಟು ವರ್ಷ ಹಳೆಯ ಮ್ಯಾನುಯಲ್ ಕಾರು. ಗೇರ್ ನಾಬ್‌ನ ಮೇಲೆ ಅಂಗೈ ತಾಗುವ ಜಾಗ ಮೊದಲು ಹೊಳಪಾಯಿತು, ಆಮೇಲೆ ಬಿರುಕು ಬಿಟ್ಟಿತು, ಈಗ ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದೆ. ಕಪ್ಪು ಪುಡಿ ಕೈಗೆ ಅಂಟುತ್ತದೆ. ಒಂದು ಕಡೆ ಹೊಲಿಗೆಯೂ ಬಿಚ್ಚಿದೆ. ಒಳಗಿನ ಪ್ಲಾಸ್ಟಿಕ್ ಚೆನ್ನಾಗೇ ಇದೆ. ನನಗೆ ಅಂಗಿಯ ಗುಂಡಿ ಹೊಲಿಯುವಷ್ಟು ಮಾತ್ರ ಬರುತ್ತದೆ. ಧೈರ್ಯ ಮಾಡಬಹುದಾ? ಯಾವ ಚರ್ಮ, ಯಾವ ದಾರ, ಎಲ್ಲಿಂದ ಶುರು ಮಾಡಲಿ?

ಉತ್ತರ (ಕಾರಿನ ಸೀಟು, ಸ್ಟೀರಿಂಗ್ ಹೊಲಿಯುವವರು): ಧಾರಾಳವಾಗಿ ಮಾಡಿ. ಗುಂಡಿ ಹೊಲಿಯಲು ಬರುತ್ತದೆ ಅಂದರೆ ಇದಕ್ಕೆ ಬೇಕಾದಷ್ಟು ಹೊಲಿಗೆ ಬರುತ್ತದೆ ಅಂತಲೇ ಲೆಕ್ಕ. ಈ ಕೆಲಸದಲ್ಲಿ ಕೈ ಕೊಡುವುದು ಹೊಲಿಗೆಯಲ್ಲ, ಅಳತೆ. ಚರ್ಮವನ್ನು ಎರಡು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿದಿರೋ, ಎಷ್ಟು ಚೆಂದ ಹೊಲಿದರೂ ಅದು ದೊಗಳೆ ಅಂಗಿಯೇ.

ಮೊದಲು ನಿಮ್ಮದು ನಿಜವಾದ ಚರ್ಮವಾ ನೋಡಿ. ಬಿಚ್ಚಿದ ಹೊಲಿಗೆಯ ಹತ್ತಿರ ಅಂಚು ಎತ್ತಿ ಹಿಂಬದಿ ನೋಡಿ. ನವಿರಾದ ನಾರು ಕಂಡರೆ ಚರ್ಮ. ಬಟ್ಟೆಯ ನೇಯ್ಗೆ ಕಂಡರೆ ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಪದರ ಹಚ್ಚಿದ ರೆಕ್ಸಿನ್. ಹಕ್ಕಳೆಯಾಗಿ ಏಳುತ್ತಿದೆ ಅಂದಿದ್ದಕ್ಕೆ ನನಗೆ ಎರಡನೆಯದರ ಮೇಲೇ ಅನುಮಾನ. ಆ ಪದರ ಬೆವರು, ತೇವ, ಬಿಸಿಲಿಗೆ ವರ್ಷಗಟ್ಟಲೆ ಸಿಕ್ಕಿ ಒಳಗೊಳಗೇ ಒಡೆಯುತ್ತದೆ. ಅದನ್ನು ರಿಪೇರಿ ಮಾಡುವುದು ಸುಮ್ನೆ ಸಮಯ ಹಾಳು. ನಿಜವಾದ ಚರ್ಮವಾಗಿದ್ದು, ಮೇಲಿನ ಬಣ್ಣ ಮಾತ್ರ ಹೋಗಿದ್ದರೆ ಹೊದಿಕೆ ಬದಲಿಸಬೇಕಿಲ್ಲ. ತೊಳೆದು, ಚರ್ಮದ ಬಣ್ಣ ಹಚ್ಚಿ, ಮೇಲೆ ರಕ್ಷಣೆಯ ಪದರ ಕೊಟ್ಟರೆ ಆಯಿತು. ಶೂ ಪಾಲಿಶ್ ಮಾತ್ರ ಬೇಡ, ಅದು ನಾಬ್‌ನಲ್ಲಿ ನಿಲ್ಲಲ್ಲ, ಅಂಗೈಗೆ ಬರುತ್ತದೆ.

ಹೊಸದಕ್ಕೆ 0.8ರಿಂದ 1 ಮಿಲಿಮೀಟರ್ ದಪ್ಪದ, ಮೆತ್ತಗಿನ, ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ ತೆಗೆದುಕೊಳ್ಳಿ. ಸೋಫಾದ ಚರ್ಮ ಸಾಮಾನ್ಯವಾಗಿ ಇದಕ್ಕಿಂತ ದಪ್ಪ, ಸಣ್ಣ ತಿರುವಿನಲ್ಲಿ ಬಾಗಲ್ಲ. ತೂತು ತೂತಿನ ಚರ್ಮ ಚೆಂದ ಕಾಣುತ್ತದೆ ಅಂತ ಆಸೆ ಪಡಬೇಡಿ, ಎಳೆದಾಗ ದುಂಡು ತೂತೆಲ್ಲ ಮೊಟ್ಟೆಯಾಕಾರ ಆಗುತ್ತದೆ. ದಾರ ಪಾಲಿಯೆಸ್ಟರ್‌ನದಿರಲಿ, ಬಿಸಿಲು ತಡೆಯುವುದರಲ್ಲಿ ನೈಲಾನ್‌ಗಿಂತ ಅದೇ ಮೇಲು. ದಪ್ಪ 0.6ರಿಂದ 0.8 ಮಿಲಿಮೀಟರ್ ಸಾಕು. ಸೂಜಿ ಎರಡು ಬೇಕು, ಎರಡೂ ಮೊಂಡು ತುದಿಯವು. ಚೂಪು ಸೂಜಿ ಪಕ್ಕದ ದಾರವನ್ನೇ ಸೀಳಿಕೊಂಡು ಹೋಗುತ್ತದೆ.

ಪ್ರಶ್ನೆ (ಕೇಳಿದವರೇ): ಹಿಂಬದಿ ನೋಡಿದೆ, ನೀವು ಹೇಳಿದ ಹಾಗೇ ಬಟ್ಟೆ. ಸರಿ, ಬದಲಿಸುವುದೇ. ನಾಬ್ ಬಿಚ್ಚುವುದು ಹೇಗೆ? ತಿರುಗಿಸಿದರೆ ಅಲ್ಲಾಡುತ್ತದೆ, ಆದರೆ ಬರುತ್ತಿಲ್ಲ.

ಉತ್ತರ: ಜೋರು ಮಾಡಬೇಡಿ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಡಿ. ಕೆಳಗಿನ ಬೂಟ್ ಇದೆಯಲ್ಲ, ಮಡಿಕೆ ಮಡಿಕೆಯ ಚೀಲ, ಅದರ ಚೌಕಟ್ಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ ಎಬ್ಬಿಸಿ, ಚೀಲವನ್ನು ಒಳಹೊರಗು ಮಾಡಿ ಮೇಲಕ್ಕೆ ಮಗುಚಿ. ಆಗ ನಾಬ್‌ನ ಬುಡ ಕಾಣುತ್ತದೆ. ಕೆಲವದರಲ್ಲಿ ಅಲ್ಲೊಂದು ಕ್ಲಿಪ್ ಇರುತ್ತದೆ, ಕೆಲವದರಲ್ಲಿ ಸಣ್ಣ ಸ್ಕ್ರೂ, ಕೆಲವದರಲ್ಲಿ ಕೆಳಕ್ಕೆ ಒತ್ತಬೇಕಾದ ಉಂಗುರ. ಬರೀ ತಿರುಪಿನದ್ದಾದರೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಮೇಲಕ್ಕೆ ಎಳೆದು ತೆಗೆಯುವ ಜಾತಿಯೂ ಇದೆ. ಅದನ್ನು ಎಳೆಯುವಾಗ ಮುಖವನ್ನು ಪಕ್ಕಕ್ಕೆ ಇಟ್ಟುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ನನ್ನ ತುಟಿ ಒಡೆದಿದ್ದು ಹಾಗೇ.

ರಿವರ್ಸ್‌ಗೆ ಎತ್ತುವ ಉಂಗುರ ಇದ್ದರೆ ಅದರ ಸ್ಪ್ರಿಂಗ್, ಬಿಲ್ಲೆ ಯಾವ ಕ್ರಮದಲ್ಲಿದ್ದವು ಅಂತ ಫೋಟೋ ತೆಗೆದಿಡಿ. ಗೇರ್ ನಂಬರ್ ಬರೆದ ಮೇಲಿನ ಬಿಲ್ಲೆಯನ್ನೂ ಮೀಟಿ ತೆಗೆಯಿರಿ.

ಪ್ರಶ್ನೆ (ಇನ್ನೊಬ್ಬರು): ಹಳೆಯ ಹೊದಿಕೆಯನ್ನೇ ಬಿಚ್ಚಿ, ಚರ್ಮದ ಮೇಲೆ ಇಟ್ಟು ಗೆರೆ ಎಳೆದರೆ ಅಳತೆ ಸಿಕ್ಕಿಬಿಡುತ್ತದೆ ಅಲ್ವಾ? ಅಳತೆ ಅಷ್ಟು ಕಷ್ಟ ಅಂತ ಯಾಕೆ ಹೇಳುತ್ತಿದ್ದೀರಿ?

ಉತ್ತರ: ಅರ್ಧ ಸಿಗುತ್ತದೆ. ಹಳೆಯ ತುಂಡು ಇಷ್ಟು ವರ್ಷ ಹಿಗ್ಗಿದೆ, ಅಂಚು ಸವೆದಿದೆ, ಕಿತ್ತ ಕಡೆ ಆಕಾರವೇ ಇಲ್ಲ. ಆದರೂ ಎಸೆಯಬೇಡಿ. ಜಗ್ಗಿ ಕೀಳಬೇಡಿ, ಹೊಲಿಗೆಯ ದಾರವನ್ನು ಮಾತ್ರ ಒಂದೊಂದಾಗಿ ಕತ್ತರಿಸಿ, ತುಂಡುಗಳನ್ನು ಬಿಡಿಸಿ, ಪ್ರತಿಯೊಂದರ ಹಿಂದೆ ‘ಎಡ’, ‘ಬಲ’, ‘ಮುಂದೆ’ ಅಂತ ಬರೆದಿಡಿ. ಎಷ್ಟು ತುಂಡು, ಹೊಲಿಗೆ ಎಲ್ಲಿ ಹಾದುಹೋಗುತ್ತದೆ ಅನ್ನುವುದನ್ನು ಅವೇ ಹೇಳುತ್ತವೆ. ಹೊಲಿಗೆಯ ಗೆರೆ ಸುಮ್ನೆ ಅಲಂಕಾರಕ್ಕೆ ಹಾಕಿದ್ದಲ್ಲ. ಚಪ್ಪಟೆ ಹಾಳೆ ಗುಂಡಿನ ಮೇಲೆ ಕೂರಲ್ಲ, ಎಲ್ಲೋ ಒಂದು ಕಡೆ ಸುಕ್ಕಾಗಲೇಬೇಕು. ಟೆಸ್ಟ್ ಪಂದ್ಯದ ಚೆಂಡಿಗೆ ನಾಲ್ಕು ತುಂಡು ಚರ್ಮ ಹಾಕುವುದು ಅದಕ್ಕೇ.

ಅಳತೆಗೆ ನಾನು ಮಾಡುವುದು ಹೀಗೆ. ಬೋಳು ನಾಬ್‌ಗೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಮಾಸ್ಕಿಂಗ್ ಟೇಪನ್ನು ಸಣ್ಣ ಸಣ್ಣ ತುಂಡಾಗಿ ಎರಡು ಪದರ ಅಂಟಿಸುತ್ತೇನೆ. ಹೊಲಿಗೆ ಬರುವ ಗೆರೆಯನ್ನು ಪೆನ್ನಿನಲ್ಲಿ ಎಳೆಯುತ್ತೇನೆ. ಆ ಗೆರೆಗೆ ಅಡ್ಡವಾಗಿ ಸೆಂಟಿಮೀಟರ್‌ಗೊಂದು ಸಣ್ಣ ಗೀಟು. ಈ ಗೀಟು ಮರೆತರೆ ಕೆಟ್ಟಿತು, ಯಾವುದಕ್ಕೆ ಯಾವುದು ಜೋಡಿ ಅಂತ ಆಮೇಲೆ ಬ್ರಹ್ಮನಿಗೂ ಗೊತ್ತಾಗಲ್ಲ. ಗೆರೆಗುಂಟ ಬ್ಲೇಡಿನಿಂದ ಕೊಯ್ದರೆ ಟೇಪಿನ ಚಿಪ್ಪು ಬಿಟ್ಟುಕೊಳ್ಳುತ್ತದೆ. ಅದನ್ನು ರಟ್ಟಿನ ಮೇಲೆ ಚಪ್ಪಟೆ ಒತ್ತಿ ಅಂಟಿಸಿ. ಎಲ್ಲಿ ಮಲಗಲು ಒಪ್ಪುವುದಿಲ್ಲವೋ ಅಲ್ಲಿ ಚರ್ಮ ಹಿಗ್ಗಬೇಕು ಅಂತ ಅರ್ಥ.

ಈಗ ಮುಖ್ಯ ಮಾತು. ಕೈಹೊಲಿಗೆ ಬರುವ ಪ್ರತಿ ಅಂಚಿನಲ್ಲೂ ಒಂದರಿಂದ ಒಂದೂವರೆ ಮಿಲಿಮೀಟರ್ ಒಳಕ್ಕೆ ಕತ್ತರಿಸಿ. ನಾಬ್ ಮೇಲೆ ಇಟ್ಟರೆ ಎರಡು ಅಂಚಿನ ನಡುವೆ ಎರಡು ಮೂರು ಮಿಲಿಮೀಟರ್ ಸಂದಿ ಕಾಣಬೇಕು. ಅಯ್ಯೋ ಸಾಲದಾಯಿತು ಅನ್ನಿಸುತ್ತದೆ. ಅನ್ನಿಸಲಿ. ದಾರ ಎಳೆದಾಗ ಆ ಸಂದಿ ಮುಚ್ಚುತ್ತದೆ, ಚರ್ಮ ಬಿಗಿಯುತ್ತದೆ. ಬುಡದಲ್ಲಿ ಮಾತ್ರ ಎಂಟು ಹತ್ತು ಮಿಲಿಮೀಟರ್ ಜಾಸ್ತಿ ಬಿಡಿ, ಒಳಕ್ಕೆ ಮಡಚಲು ಬೇಕು.

ಒಳ್ಳೆಯ ಚರ್ಮಕ್ಕೆ ಕತ್ತರಿ ಹಾಕುವ ಮೊದಲು ಹಳೆಯ ಬ್ಯಾಗಿನ ರೆಕ್ಸಿನ್‌ನಲ್ಲಿ ಒಂದು ಸಲ ಪೂರ್ತಿ ಮಾಡಿ ನೋಡಿ. ಇಪ್ಪತ್ತು ವರ್ಷದ ಕೈ ನನ್ನದು, ಹೊಸ ಆಕಾರದ ನಾಬ್ ಬಂದರೆ ನಾನು ಈಗಲೂ ಹಾಗೇ ಮಾಡುತ್ತೇನೆ.

ಪ್ರಶ್ನೆ (ಮತ್ತೊಬ್ಬರು): ಸಸ್ಯದ ಕಷಾಯದಲ್ಲಿ ಹದ ಮಾಡಿದ ಚರ್ಮವನ್ನು ನೆನೆಸಿ ಹೊದಿಸಿದರೆ ಒಣಗುವಾಗ ತಾನೇ ಕುಗ್ಗಿ ಅಚ್ಚು ಕೂತಂತೆ ಕೂರುತ್ತದೆ. ಅದನ್ನು ಬಿಟ್ಟು ಕ್ರೋಮ್ ಚರ್ಮ ಯಾಕೆ?

ಉತ್ತರ: ನೀವು ಹೇಳಿದ್ದು ನಿಜ, ಅದು ಅಚ್ಚಿನ ಹಾಗೆ ಕೂರುತ್ತದೆ. ಚಾಕುವಿನ ಒರೆ ಮಾಡಲು ನಾನೂ ಅದನ್ನೇ ತೆಗೆದುಕೊಳ್ಳುತ್ತೇನೆ. ಆದರೆ ಗೇರ್ ನಾಬ್ ದಿನಾ ಬೆವರು ಕುಡಿಯುತ್ತದೆ. ಬಣ್ಣ, ಪದರ ಇಲ್ಲದ ಆ ಚರ್ಮ ಕಲೆ ಹಿಡಿಯುತ್ತದೆ, ಕ್ರಮೇಣ ಗಟ್ಟಿಯಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗಿನ ವಸ್ತುಗಳು 60 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಕ್ರೋಮ್ ಚರ್ಮ ಒದ್ದೆಯಾಗಿದ್ದಾಗಲೂ ಸುಮಾರು 100 ಡಿಗ್ರಿಯವರೆಗೆ ತಡೆಯುತ್ತದೆ. ಸಸ್ಯದ ಹದದ್ದು ಒದ್ದೆಯಿದ್ದಾಗ 75, 80ರ ಸುಮಾರಿಗೇ ಸೊರಗಿ ಕುಗ್ಗುತ್ತದೆ. ಕಲೆಯೂ ಒಂದು ಚೆಂದ ಅನ್ನುವವರು ಹಾಕಿಕೊಳ್ಳಲಿ, ನನ್ನದೇನೂ ಅಡ್ಡಿಯಿಲ್ಲ.

ಪ್ರಶ್ನೆ (ಮೊದಲು ಕೇಳಿದವರು): ರೆಕ್ಸಿನ್‌ನಲ್ಲಿ ಮಾಡಿದೆ. ಎರಡು ತೊಂದರೆ. ಒಂದು, ತಲೆಯ ಭಾಗದಲ್ಲಿ ಮೂರು ಸುಕ್ಕು ಬಂದಿದೆ. ಎರಡು, ಎಡಗಡೆ ಅಂಚಿನಲ್ಲಿ 25 ತೂತು ಆಯಿತು, ಬಲಗಡೆ 23. ಕೊನೆಗೆ ಬಂದಾಗ ಎರಡು ತೂತು ಅನಾಥವಾಗಿ ಉಳಿದವು.

ಉತ್ತರ: ಎರಡನೆಯದೇ ಮೊದಲನೆಯದಕ್ಕೆ ಅರ್ಧ ಕಾರಣ. ನೀವು ಎರಡೂ ಕಡೆ ಸ್ಕೇಲ್ ಇಟ್ಟು ಒಂದೇ ಅಂತರದಲ್ಲಿ ಚುಚ್ಚಿದ್ದೀರಿ. ತಿರುವಿನ ಹೊರಗಿನ ಅಂಚು ಉದ್ದ, ಒಳಗಿನದು ಗಿಡ್ಡ. ಲೆಕ್ಕ ಸಮ ಇರಬೇಕು, ಅಂತರ ಸಮ ಇರಬೇಕಿಲ್ಲ. ಗಿಡ್ಡ ಅಂಚಿನಲ್ಲಿ 4 ಮಿಲಿಮೀಟರ್‌ಗೆ ಒಂದರಂತೆ ಗುರುತು ಹಾಕಿ ಎಣಿಸಿ. ಉದ್ದ ಅಂಚಿನಲ್ಲೂ ಅಷ್ಟೇ ತೂತು, ಸ್ವಲ್ಪ ಅಗಲ ಅಗಲ. ಸೆಂಟಿಮೀಟರ್ ಗೀಟು ಹಾಕಿದ್ದು ಇದಕ್ಕೇ, ಗೀಟಿನಿಂದ ಗೀಟಿಗೆ ಎರಡೂ ಕಡೆ ತೂತು ಸಮ ಇರಲಿ. ಅಂಚಿನಿಂದ 2.5 ಮಿಲಿಮೀಟರ್ ಒಳಗೆ ಚುಚ್ಚಿ. ಅದಕ್ಕಿಂತ ಹತ್ತಿರ ಹೋದರೆ ಎಳೆದಾಗ ಹರಿಯುತ್ತದೆ. ಸಣ್ಣ ದಬ್ಬಳ ಇದ್ದರೆ ಸಾಕು, ಬೇರೆ ಸಲಕರಣೆ ಬೇಡ.

ಸುಕ್ಕಿನ ಇನ್ನರ್ಧ ಪಾಲು ರೆಕ್ಸಿನ್‌ನದು, ಅದು ಚರ್ಮದಷ್ಟು ಹಿಗ್ಗಲ್ಲ. ನಿಜವಾದ ಚರ್ಮವನ್ನು ಕೈಯಲ್ಲಿ ಉದ್ದಕ್ಕೆ, ಅಡ್ಡಕ್ಕೆ ಎರಡೂ ಕಡೆ ಜಗ್ಗಿ ನೋಡಿ. ಜಾಸ್ತಿ ಹಿಗ್ಗುವ ದಿಕ್ಕು ನಾಬ್‌ನ ಸುತ್ತಳತೆಗೆ ಬರಲಿ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ತಲೆಯ ಮೇಲೆ ಹೆಬ್ಬೆರಳಿನಿಂದ ಕೆಳಮುಖವಾಗಿ ನೀವುತ್ತಾ ಹೋಗಿ. ನಿಮ್ಮ ಕೈಗೆ ಬಿಸಿ ತಡೆಯಲಾಗದಿದ್ದರೆ ಚರ್ಮಕ್ಕೂ ಜಾಸ್ತಿಯಾಯಿತು ಅಂತ ತಿಳಿಯಿರಿ.

ಪ್ರಶ್ನೆ (ಅವರೇ): ಹೊಲಿಗೆ ಹಾಕುವಾಗ ಸೂಜಿ ಮೇಲಿನಿಂದ ಚುಚ್ಚಬೇಕಾ, ಅಡಿಯಿಂದಲಾ? ಅಂಟು ಮೊದಲೋ ಹೊಲಿಗೆ ಮೊದಲೋ?

ಉತ್ತರ: ಸೂಜಿ ಯಾವಾಗಲೂ ಸಂದಿಯೊಳಗೆ ಇಳಿಯಬೇಕು, ಚರ್ಮದ ಅಡಿಯಿಂದ ತೂತಿನ ಮೂಲಕ ಮೇಲೆ ಬರಬೇಕು. ಉದ್ದ ದಾರದ ಎರಡು ತುದಿಗೆ ಎರಡು ಸೂಜಿ. ಮೊದಲ ಜೋಡಿ ತೂತಿನಲ್ಲಿ ಎರಡನ್ನೂ ಅಡಿಯಿಂದ ಮೇಲೆ ತೆಗೆಯಿರಿ. ಆಮೇಲೆ ಎಡಗಡೆ ಸೂಜಿ ಸಂದಿಗೆ ಇಳಿದು ಬಲಗಡೆ ಮುಂದಿನ ತೂತಿನಿಂದ ಏಳುತ್ತದೆ, ಬಲಗಡೆಯದು ಎಡಗಡೆ ಏಳುತ್ತದೆ. ಪ್ರತಿ ಸಲ ಎಡದ್ದೇ ಮೊದಲು ದಾಟಲಿ. ಒಮ್ಮೆ ಎಡ ಒಮ್ಮೆ ಬಲ ಮಾಡಿದರೆ ಹೊಲಿಗೆಯ ಜಡೆ ಸೊಟ್ಟಗಾಗುತ್ತದೆ. ದಾರದ ಉದ್ದ ಹೊಲಿಗೆಯ ಏಳರಷ್ಟಿರಲಿ. ಮಧ್ಯದಲ್ಲಿ ಮುಗಿದರೆ ಗಂಟು ಅಡಗಿಸಲು ಜಾಗ ಸಿಗಲ್ಲ.

ಮೂರು ನಾಲ್ಕು ಹೊಲಿಗೆ ಸಡಿಲ ಹಾಕಿ, ಆಮೇಲೆ ಹಿಂದಿನಿಂದ ಒಂದೊಂದೇ ಬಿಗಿ ಮಾಡುತ್ತಾ ಬನ್ನಿ. ಒಂದೇ ಸಲ ಎಳೆದರೆ ತೂತು ಬಾಯಿ ಬಿಡುತ್ತದೆ. ಹೊಲಿಗೆ ಸೀಟಿನ ಕಡೆ ಬರಲಿ, ಹಿಡಿದಾಗ ಬೆರಳಿಗೆ ಕಿರಿಕಿರಿ ಇಲ್ಲ.

ಅಂಟಿನ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು. ನನ್ನ ಮೊದಲ ನಾಬ್‌ಗೆ ಪೂರ್ತಿ ಅಂಟು ಬಳಿದು ಚರ್ಮ ಒತ್ತಿದೆ. ಅರ್ಧ ಇಂಚು ಸೊಟ್ಟ ಕೂತಿತು. ಕಾಂಟ್ಯಾಕ್ಟ್ ಅಂಟು, ಅಂದರೆ ಎರಡೂ ಕಡೆ ಹಚ್ಚಿ ಒಣಗಿಸಿ ಒತ್ತುವಂಥದ್ದು, ಒಮ್ಮೆ ಹಿಡಿದರೆ ಬಿಡಲ್ಲ, ಕಿತ್ತಾಗ ಕೆಳಗಿನ ಸ್ಪಂಜೂ ಜೊತೆಗೇ ಬಂತು. ಈಗ ತಲೆಯ ಮೇಲೆ ಮಾತ್ರ ನಾಣ್ಯದಷ್ಟು ಜಾಗಕ್ಕೆ ಹಚ್ಚುತ್ತೇನೆ. ನಾಬ್‌ಗೂ ಚರ್ಮಕ್ಕೂ ತೆಳುವಾಗಿ, ಹತ್ತು ಹದಿನೈದು ನಿಮಿಷ ಬಿಟ್ಟು, ಮುಟ್ಟಿದರೆ ಅಂಟದಂತಾದ ಮೇಲೆ ಕೂರಿಸುವುದು. ಆಮೇಲೆ ಹೊಲಿಗೆ. ಕೊನೆಗೆ ಬುಡದ ಅಂಚನ್ನು ಬ್ಲೇಡಿನಿಂದ ಹಿಂಬದಿ ಹೆರೆದು ತೆಳು ಮಾಡಿ, ಅಂಟು ಹಚ್ಚಿ ಒಳಕ್ಕೆ ಮಡಚುವುದು. ಬಿಸಿ ತಡೆಯುವ ಅಂಟೇ ಬೇಕು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬೇಡ, ಗಟ್ಟಿಯಾಗಿ ಬಿಳಿ ಕಲೆ ಬಿಡುತ್ತದೆ. ಹಳೆಯ ಅಂಟು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಹಾಕಿದರೆ ಎಬಿಎಸ್ ಅನ್ನುವ ಜಾತಿಯ ಪ್ಲಾಸ್ಟಿಕ್ಕೇ ಕರಗುತ್ತದೆ.

ಪ್ರಶ್ನೆ (ಬೇರೊಬ್ಬರು): ನನ್ನದು ಆಟೋಮ್ಯಾಟಿಕ್. ಬದಿಯಲ್ಲಿ ಒತ್ತುವ ಬಟನ್ ಇದೆ. ನಾನೂ ಹೀಗೇ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಮೊದಲ ಪ್ರಯತ್ನಕ್ಕೆ ಅದು ಬೇಡ ಅಂತಲೇ ನನ್ನ ಸಲಹೆ. ಒಳಗೆ ಸ್ಪ್ರಿಂಗ್, ಕಡ್ಡಿ, ಕೆಲವದರಲ್ಲಿ ತಂತಿ ಇರುತ್ತದೆ. ಚರ್ಮ ಬಟನ್‌ನ ಅಂಚಿಗೆ ಒಂದು ಮಿಲಿಮೀಟರ್ ಒತ್ತಿಕೊಂಡರೂ ಅದು ಒಳಗೇ ಸಿಕ್ಕಿಕೊಳ್ಳಬಹುದು. ಬಟನ್ ಹೊರಗೆ ಬಾರದಿದ್ದರೆ ಪಾರ್ಕ್‌ನಿಂದ ಲಿವರ್ ಜಾರುವುದನ್ನು ತಡೆಯುವ ಬೀಗ ಸರಿಯಾಗಿ ಬೀಳುವುದಿಲ್ಲ. ಮಾಡಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಇಪ್ಪತ್ತು ಸಲ ಪಾರ್ಕ್‌ಗೆ ಹಾಕಿ ತೆಗೆದು ನೋಡಿ. ಬಟನ್ ಒಂದೇ ಒಂದು ಸಲ ತಡವಾಗಿ ಹೊರಬಂದರೂ ಹೊದಿಕೆ ಬಿಚ್ಚಿ.

ಪ್ರಶ್ನೆ (ಬೇರೊಬ್ಬರು): ಇಷ್ಟೆಲ್ಲ ಯಾಕೆ? ಮೇಲೆ ಜಾರಿಸಿ ಹಾಕುವ ರೆಡಿಮೇಡ್ ಕವರ್ ಸಿಗುತ್ತದಲ್ಲ.

ಉತ್ತರ: ಸಿಗುತ್ತದೆ. ತಿರುವಿನಲ್ಲಿ ಗೇರ್ ಇಳಿಸುವಾಗ ಕೈಯ ಜೊತೆ ಕವರ್ ಮಾತ್ರ ತಿರುಗಿ, ಲಿವರ್ ಅಲ್ಲೇ ಇದ್ದದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆ (ಮೊದಲು ಕೇಳಿದವರು): ಮುಗಿಯಿತು! ಎರಡು ಸಂಜೆ ಹಿಡಿಯಿತು. ಸುಕ್ಕಿಲ್ಲ. ಬುಡದ ಹತ್ತಿರ ಎರಡು ಹೊಲಿಗೆ ಸೊಟ್ಟಗಿದೆ, ಬೂಟ್ ಮುಚ್ಚುತ್ತದೆ. ಒಂದೇ ಒಂದು, ನಾಬ್ ಪೂರ್ತಿ ಬಿಗಿ ಮಾಡಿದರೆ ಗೇರ್ ನಂಬರ್ ಎಡಕ್ಕೆ ವಾಲಿ ನಿಲ್ಲುತ್ತದೆ. ನೆಟ್ಟಗೆ ಮಾಡಿದರೆ ನಾಬ್ ಸಡಿಲ.

ಉತ್ತರ: ಭೇಷ್. ಕೆಳಗೆ ಲಾಕ್ ನಟ್ ಇದ್ದರೆ ನಾಬ್ ನೆಟ್ಟಗಿಟ್ಟು ಆ ನಟ್ಟನ್ನು ಮೇಲಕ್ಕೆ ಬಿಗಿ ಮಾಡಿ. ಇಲ್ಲದಿದ್ದರೆ ತಿರುಪಿಗೆ ಮಧ್ಯಮ ಬಲದ ಥ್ರೆಡ್ ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ನೆಟ್ಟಗೆ ನಿಲ್ಲಿಸಿ, ರಾತ್ರಿಯಿಡೀ ಮುಟ್ಟಬೇಡಿ. ತಿರುಪು ಪ್ಲಾಸ್ಟಿಕ್‌ನದಾದರೆ ಅದು ಬೇಡ, ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಬಿರಿಯುತ್ತವೆ. ಅಲ್ಲಿ ಪ್ಲಂಬಿಂಗ್‌ನ ಬಿಳಿ ಟೇಪು ಎರಡು ಸುತ್ತು ಸಾಕು. ಇನ್ನೊಂದು ಮಾತು, ಬೂಟ್ ಬಿಗಿಯಲು ಕೇಬಲ್ ಟೈ ಹಾಕಿದ್ದೀರಿ ಅಲ್ವಾ? ಅದರ ಬಾಲ ಕತ್ತರಿಸಿದ ತುದಿಯನ್ನು ಬೆರಳಿಂದ ಸವರಿ ನೋಡಿ. ಚೂಪಾಗಿದ್ದರೆ ಉಗುರು ಉಜ್ಜುವ ಅರದಿಂದ ಉಜ್ಜಿ. ನನ್ನ ಹತ್ತಿರ ಬಂದ ಒಂದು ಹೊಸ ನಾಬ್‌ನ ಬುಡದ ಚರ್ಮವನ್ನು ಅದೇ ತುದಿ ಮೂರು ತಿಂಗಳಲ್ಲಿ ಕೊರೆದು ಹಾಕಿತ್ತು.